ಜಗಳೂರಿನ ನೀರಿನ ಲೆಕ್ಕ ಬ್ಯಾಂಕಾಕ್‌ನಲ್ಲಿ ಬಿಡಿಸಿದ್ದು: ಒಂದು ಪ್ರಕರಣ ಅಧ್ಯಯನ

ನನ್ನ ಪಿಜಿ ವಿದ್ಯಾರ್ಥಿನಿ ಜಗಳೂರು ತಾಲ್ಲೂಕಿನ ಹಳ್ಳಿಯಿಂದ ಮೊದಲ ಸಲ ವಾಪಸ್ ಬಂದಾಗ ಅವಳ ಬ್ಯಾಗಿನ ತುಂಬ ಸಣ್ಣ ಸಣ್ಣ ಪ್ಲಾಸ್ಟಿಕ್ ಬಾಟಲಿಗಳಿದ್ದವು. ಕೆಲವದರಲ್ಲಿ ಬೋರ್ ನೀರು, ಕೆಲವದರಲ್ಲಿ ಶುದ್ಧ ನೀರಿನ ಘಟಕದ ನೀರು, ಉಳಿದವುಗಳಲ್ಲಿ ಮಕ್ಕಳ ಮೂತ್ರ. ಗಾಜಿನ ಬಾಟಲಿ ಒಂದೂ ಇರಲಿಲ್ಲ. ನಾವು ಅಳೆಯಹೊರಟಿದ್ದು ಫ್ಲೋರೈಡ್, ಕಲ್ಲಿನಿಂದ ನೀರಿಗೆ ಇಳಿದು, ಜಾಸ್ತಿಯಾದರೆ ಹಲ್ಲು ಮೂಳೆ ಕೆಡಿಸುವ ಅಂಶ. ಅದು ಗಾಜಿಗೆ ಅಂಟಿಕೊಂಡು ಲೆಕ್ಕ ತಪ್ಪಿಸುತ್ತದೆ, ಅದಕ್ಕೇ ಈ ಕೆಲಸಕ್ಕೆ ಪ್ಲಾಸ್ಟಿಕ್ಕೇ ಬೇಕು. ಅಷ್ಟು ಎಚ್ಚರಿಕೆಯ ಹುಡುಗಿ ಅವಳು. ಆದರೂ ಒಂದು ಮುಖ್ಯ ವಿಷಯ ಅವಳು ತುಂಬಿಸಿ ತಂದ ಫಾರಂಗಳಲ್ಲೇ ಇತ್ತು, ಅವಳಿಗೂ ಕಾಣಲಿಲ್ಲ, ಗೈಡ್ ಆದ ನನಗೂ ಕಾಣಲಿಲ್ಲ. ಕಾಣಿಸಿದ್ದು ಬ್ಯಾಂಕಾಕ್‌ನ ಒಂದು ಸಮ್ಮೇಳನದ ಹಾಲ್‌ನಲ್ಲಿ.

ಅದು ಹೇಗಾಯಿತು ಅಂತ ಮೊದಲಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಹೊರದೇಶದ ಸಮ್ಮೇಳನಕ್ಕೆ ಹೊರಡುವ ಮಕ್ಕಳಿಗೆ, ಅವರ ಗೈಡ್‌ಗಳಿಗೆ ಉಪಯೋಗವಾಗಲಿ ಅನ್ನೋ ಆಸೆ. ಊರಿನ ಹೆಸರು, ಕಾಲೇಜಿನ ಹೆಸರು, ಜನರ ಹೆಸರು ಯಾವುದನ್ನೂ ಹಾಕಿಲ್ಲ.

ನೀರು

ಚಿತ್ರದುರ್ಗದಲ್ಲಿ ಸಿಹಿನೀರು ಹೊಂಡ ಅಂತ ಒಂದಿದೆ. ಹೊಂಡಕ್ಕೆ ಹಾಗೊಂದು ಹೆಸರು ಬಿದ್ದಿದೆ ಅಂದರೆ ಈ ಸೀಮೆಯಲ್ಲಿ ಸಿಹಿನೀರಿಗೆ ಎಷ್ಟು ಬೆಲೆ ಅಂತ ಗೊತ್ತಾಗುತ್ತೆ, ಅಲ್ವಾ? 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು, ಜಗಳೂರು ಈ ಕಡೆ ಬಂತು. ಆದರೆ ನೆಲದ ಕೆಳಗಿನ ಕಲ್ಲಿಗೆ ಜಿಲ್ಲೆಯ ಗಡಿ ಇಲ್ಲ. ಮಳೆ ಕಡಿಮೆ. ಕೆರೆ, ತೆರೆದ ಬಾವಿ ಬತ್ತಿದ ಮೇಲೆ ಜನ ಬೋರ್ ಕೊರೆಸಿದರು. ಅದೂ ಬತ್ತಿದಾಗ ಇನ್ನೂ ಆಳಕ್ಕೆ ಹೋದರು. ಆಳದ ನೀರು ಗಟ್ಟಿ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ಆ ಕಲ್ಲಿನ ಖನಿಜಗಳಲ್ಲಿರುವ ಫ್ಲೋರೈಡ್ ನಿಧಾನಕ್ಕೆ ನೀರಿಗೆ ಬಿಡುತ್ತದೆ.

ಒಂದು ಲೀಟರ್ ಕುಡಿಯುವ ನೀರಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ 1.5. ಅದನ್ನು ದಾಟಿದ ನೀರನ್ನು ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಗೆರೆ, ಆಮೇಲೆ ಕಂದು ಕಲೆ. ತುಂಬಾ ಜಾಸ್ತಿ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆಗೆ ಇಳಿಯುತ್ತದೆ. ಬೆನ್ನು ಬಗ್ಗಲ್ಲ, ಮಂಡಿ ಮಡಚಲ್ಲ. ಹೀಗೆ ಮೂಳೆ ಹಿಡಿದುಹೋದವರ ಬಗ್ಗೆ ನಮ್ಮ ದೇಶದಿಂದ ಮೊದಲು ವರದಿಯಾಗಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ.

ಫ್ಲೋರೈಡ್‌ಗೆ ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾಗಿ ಅದು ಅಲ್ಲೇ ಉಳಿಯುವುದರಿಂದ ಕುದಿಸಿದಷ್ಟೂ ಜಾಸ್ತಿಯೇ ಆಗುತ್ತದೆ. ಈ ಮಾತನ್ನು ನಾನು ಇಪ್ಪತ್ತು ವರ್ಷದಿಂದ ಕ್ಲಾಸಿನಲ್ಲಿ ಹೇಳುತ್ತಾ ಬಂದಿದ್ದೇನೆ. ನನ್ನ ಬಾಯಿಂದಲೇ ಬಂದ ಮಾತು ಮುಂದೆ ನನಗೇ ಹೊಳೆಯಲಿಲ್ಲ ಅನ್ನುವುದು ಈ ಪ್ರಕರಣದಲ್ಲಿ ನನ್ನನ್ನು ತುಂಬ ಕಾಡಿದ ವಿಷಯ.

ನಾವು ಕೇಳಿದ ಪ್ರಶ್ನೆ

ಈಗ ಹಳ್ಳಿಹಳ್ಳಿಯಲ್ಲೂ ಶುದ್ಧ ನೀರಿನ ಘಟಕ ಇದೆ. ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಜನ ಅದನ್ನು ಫಿಲ್ಟರ್ ನೀರು ಅನ್ನುತ್ತಾರೆ. ನನ್ನ ವಿದ್ಯಾರ್ಥಿನಿ ಆರಿಸಿಕೊಂಡ ವಿಷಯ ಸರಳವಾಗಿತ್ತು. ಘಟಕ ಚೆನ್ನಾಗಿ ನಡೆಯುತ್ತಿರುವ ಒಂದು ಹಳ್ಳಿ, ಘಟಕ ಕೆಟ್ಟು ನಿಂತಿರುವ ಇನ್ನೊಂದು ಹಳ್ಳಿ. ಎರಡೂ ಕಡೆ ಶಾಲೆಯ ಮಕ್ಕಳನ್ನು ನೋಡುವುದು. ಫಿಲ್ಟರ್ ನೀರು ಕುಡಿಯುವ ಮಕ್ಕಳ ಮೈಗೆ ಕಡಿಮೆ ಫ್ಲೋರೈಡ್ ಹೋಗುತ್ತಿದೆಯಾ ಅಂತ ಅಳೆಯುವುದು.

ಹಲ್ಲು ನೋಡಿದರೆ ಇದು ಗೊತ್ತಾಗಲ್ಲ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದವರೆಗೆ ಕುಡಿದ ನೀರಿನ ಗುರುತು ಹಲ್ಲಿನ ಮೇಲಿರುತ್ತದೆ. ಅದು ಹಳೇ ಕಥೆ. ಈಗಿನ ಕಥೆ ಬೇಕಾದರೆ ಮೂತ್ರದಲ್ಲಿ ನೋಡಬೇಕು. ಅದಕ್ಕೇ ಆ ಬಾಟಲಿಗಳು.

ಫಲಿತಾಂಶ ಬಂತು. ಘಟಕದ ನೀರು ಚೆನ್ನಾಗಿಯೇ ಇತ್ತು, ಮತ್ತೆ ಮತ್ತೆ ಅಳೆದು ನೋಡಿದೆವು. ಆದರೆ ಎರಡು ಹಳ್ಳಿಯ ಮಕ್ಕಳ ನಡುವೆ ನಾವು ಅಂದುಕೊಂಡಷ್ಟು ವ್ಯತ್ಯಾಸ ಇರಲಿಲ್ಲ. ಫಿಲ್ಟರ್ ನೀರನ್ನೇ ಕುಡಿಯುತ್ತೇವೆ ಅಂದ ಮಕ್ಕಳ ಮೂತ್ರದಲ್ಲೂ ಫ್ಲೋರೈಡ್ ಇಳಿದಿರಲಿಲ್ಲ.

ಹುಡುಗಿಗೆ ಅಳುವೇ ಬಂತು. ತಾನೇ ಎಲ್ಲೋ ತಪ್ಪು ಮಾಡಿದೆ ಅಂದುಕೊಂಡಳು. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಸರಿಯಾಗಿ ಕ್ಯಾಲಿಬ್ರೇಟ್ ಆಗಿರಲಿಲ್ಲವೇನೋ, ಬಾಟಲಿಗೆ ಚೀಟಿ ಅಂಟಿಸುವಾಗ ಅದಲು ಬದಲಾಯಿತೇನೋ ಅಂತ ಎರಡು ವಾರ ಲ್ಯಾಬ್‌ನಲ್ಲೇ ಕೂತಳು. ಎಲ್ಲೂ ತಪ್ಪು ಸಿಗಲಿಲ್ಲ.

ನನ್ನ ತಪ್ಪು

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡಬಾರದು. ಅಷ್ಟರಲ್ಲಿ ಬ್ಯಾಂಕಾಕ್‌ನಲ್ಲಿ ನಡೆಯುವ ನೀರು ಮತ್ತು ಆರೋಗ್ಯದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಅಬ್‌ಸ್ಟ್ರಾಕ್ಟ್, ಅಂದರೆ ಸಂಶೋಧನೆಯ ಸಾರಾಂಶ, ಕರೆದಿದ್ದರು. 250 ಪದದೊಳಗೆ ಎಲ್ಲ ಹೇಳಬೇಕು. ನಾನು ಅವಳಿಗೆ ಹೇಳಿದೆ: "ಮೂತ್ರದ ವಿಷಯ ಒಂದೇ ಸಾಲಿನಲ್ಲಿ ಮುಗಿಸು. ಘಟಕದ ನೀರು ಶುದ್ಧವಾಗಿದೆ, ಜನ ಬಳಸುತ್ತಿದ್ದಾರೆ, ಅದನ್ನೇ ಮುಂದಿಡು. ಒಳ್ಳೆ ಸುದ್ದಿ ಹೇಳಿದರೆ ತಗೋತಾರೆ."

ಸುಳ್ಳು ಹೇಳು ಅಂದಿರಲಿಲ್ಲ. ಆದರೆ ನಮಗೆ ಅರ್ಥವಾಗದ್ದನ್ನು ಮೂಲೆಗೆ ತಳ್ಳು ಅಂದಿದ್ದೆ. ಗೈಡ್ ಆದವಳು ಹೀಗೆ ಹೇಳಿದರೆ ವಿದ್ಯಾರ್ಥಿ ಎದುರು ಮಾತಾಡುತ್ತಾಳಾ? ಬರೆದು ಕಳಿಸಿದಳು.

ಒಂದೂವರೆ ತಿಂಗಳಿಗೆ ರಿಜೆಕ್ಟ್ ಅಂತ ಬಂತು. ಪರಿಶೀಲಿಸಿದವರು ಎರಡು ಸಾಲು ಬರೆದಿದ್ದರು. ಘಟಕದ ನೀರಲ್ಲಿ ಫ್ಲೋರೈಡ್ ಕಡಿಮೆ ಇರುವುದು ಹೊಸ ವಿಷಯವಲ್ಲ. ಮೂತ್ರದ ಅಂಕಿ ಯಾಕೆ ಹಾಗಿದೆ ಅಂತ ಯಾಕೆ ಚರ್ಚೆ ಮಾಡಿಲ್ಲ?

ನಾವು ಮುಚ್ಚಿದ್ದ ಜಾಗಕ್ಕೇ ಅವರು ಬೆರಳಿಟ್ಟಿದ್ದರು.

ಅವಳಿಗೆ ಸಮಾಧಾನ ಹೇಳಲು ಬ್ಯಾರಿ ಮಾರ್ಷಲ್ ಅವರ ವಿಷಯ ಹೇಳಿದೆ. ಹೊಟ್ಟೆಯ ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಅನ್ನುವ ಅವರ ಅಬ್‌ಸ್ಟ್ರಾಕ್ಟನ್ನು 1983ರಲ್ಲಿ ಅವರದೇ ದೇಶ ಆಸ್ಟ್ರೇಲಿಯಾದ ಜಠರ ತಜ್ಞರ ಸಂಘ ತಿರಸ್ಕರಿಸಿತ್ತು. ಅದೇ ವರ್ಷ ಅವರು ಬ್ರಸೆಲ್ಸ್‌ನಲ್ಲಿ ಬ್ಯಾಕ್ಟೀರಿಯಾ ತಜ್ಞರ ಅಂತರರಾಷ್ಟ್ರೀಯ ಸಭೆಗೆ ಹೋಗಿ ಅದೇ ಕೆಲಸ ತೋರಿಸಿದರು. 2005ರಲ್ಲಿ ನೊಬೆಲ್ ಬಂತು. ಹುಡುಗಿ ನಕ್ಕು, "ಮೇಡಂ, ಅವರು ಮುಖ್ಯ ವಿಷಯ ಬಿಟ್ಟು ಬರೆದಿರಲಿಲ್ಲ" ಅಂದಳು. ಅವಳ ಮಾತು ಸರಿಯಾಗಿತ್ತು.

ಮಧ್ಯದಲ್ಲಿ ಬಂದ ಒಂದು ಆಹ್ವಾನ

ರಿಜೆಕ್ಟ್ ಆದ ವಾರವೇ ಇನ್ನೊಂದು ಇಮೇಲ್ ಬಂತು. "ಗೌರವಾನ್ವಿತ ವಿಜ್ಞಾನಿಗಳೇ, ನಿಮ್ಮ ಅಮೂಲ್ಯ ಸಂಶೋಧನೆಯನ್ನು ನಮ್ಮ ಜಾಗತಿಕ ಸಮಾವೇಶದಲ್ಲಿ ಮುಖ್ಯ ಭಾಷಣವಾಗಿ ಮಂಡಿಸಬೇಕು" ಅನ್ನೋ ಧಾಟಿ. ಎರಡನೇ ವರ್ಷದ ಪಿಜಿ ಹುಡುಗಿಗೆ ಮುಖ್ಯ ಭಾಷಣ! ಬೇಸರದಲ್ಲಿದ್ದವಳಿಗೆ ಅದು ಅಮೃತದ ಹಾಗೆ ಕಂಡಿತು. ಅದೇ ಅಬ್‌ಸ್ಟ್ರಾಕ್ಟ್ ಕಳಿಸಿದಳು. ಎರಡೇ ದಿನಕ್ಕೆ ಒಪ್ಪಿಗೆ, ಜೊತೆಗೆ ಡಾಲರ್ ಲೆಕ್ಕದಲ್ಲಿ ನೋಂದಣಿ ಶುಲ್ಕದ ಬಿಲ್ಲು.

ನನಗೆ ಅನುಮಾನ ಬಂದಿದ್ದು ಕಾರ್ಯಕ್ರಮದ ಪಟ್ಟಿ ನೋಡಿದಾಗ. ದಂತ ವೈದ್ಯ, ನರ್ಸಿಂಗ್, ನ್ಯಾನೋ ತಂತ್ರಜ್ಞಾನ, ಪಶು ಆಹಾರ ಎಲ್ಲಾ ಒಂದೇ ದಿನ, ಒಂದೇ ಹೋಟೆಲ್ ಹಾಲ್‌ನಲ್ಲಿ. ಸಮಿತಿಯಲ್ಲಿ ಹೆಸರಿದ್ದ ಒಬ್ಬ ಪ್ರಾಧ್ಯಾಪಕರಿಗೆ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೇ ಬರೆದು ಕೇಳಿದೆವು. ಮರುದಿನ ಉತ್ತರ ಬಂತು: ಆ ಸಮಾವೇಶದ ಬಗ್ಗೆ ಅವರಿಗೆ ಗೊತ್ತೇ ಇಲ್ಲ, ಹೆಸರು ತೆಗೆಯಿರಿ ಅಂತ ಎರಡು ಸಲ ಬರೆದರೂ ತೆಗೆದಿಲ್ಲ. ದುಡ್ಡು ಕಟ್ಟುವ ಮೊದಲೇ ನಿಲ್ಲಿಸಿದೆವು.

ಎಲ್ಲರೂ ಹೀಗೆ ಪಾರಾಗುವುದಿಲ್ಲ. ಇಂಥದ್ದಕ್ಕೆ ಸಾಲ ಮಾಡಿ ಹೋಗಿ, ಖಾಲಿ ಕುರ್ಚಿಗಳ ಮುಂದೆ ಮಾತಾಡಿ ಬಂದವರನ್ನು ನಾನು ಕಂಡಿದ್ದೇನೆ. ಪಿಜಿ ಮುಗಿಸುವ ಮೊದಲು ಸಮ್ಮೇಳನದಲ್ಲಿ ಪೋಸ್ಟರೋ ಪೇಪರೋ ತೋರಿಸಬೇಕು ಅನ್ನುವ ಒತ್ತಡ ಇರುವುದರಿಂದ ಮಕ್ಕಳ ಈ ಅವಸರವನ್ನು ಇವರು ಚೆನ್ನಾಗಿ ಬಳಸಿಕೊಳ್ಳುತ್ತಾರೆ. 2019ರಲ್ಲಿ ಅಮೆರಿಕದ ನ್ಯಾಯಾಲಯ ಇಂಥದೇ ದಂಧೆಯ ಒಂದು ದೊಡ್ಡ ಕಂಪನಿ 5 ಕೋಟಿ ಡಾಲರ್‌ಗೂ ಮೀರಿ ಕಟ್ಟಬೇಕು ಅಂತ ಆದೇಶ ಮಾಡಿತು. ತಜ್ಞರ ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಹಾಕಿಕೊಂಡು ಸಮ್ಮೇಳನ ನಡೆಸಿದ್ದು ಆ ಕೇಸಿನ ಆರೋಪಗಳಲ್ಲಿ ಒಂದು. ಸಮಿತಿಯಲ್ಲಿರುವ ಒಬ್ಬರಿಗೆ ಒಂದು ಇಮೇಲ್ ಹಾಕಿ ಕೇಳುವುದಕ್ಕೆ ಐದು ನಿಮಿಷ ಸಾಕು. ಗೈಡ್‌ಗಳು ಇದನ್ನು ತಾವೇ ಮಾಡಬೇಕು, ಮಕ್ಕಳ ಮೇಲೆ ಬಿಡಬಾರದು.

ಎರಡನೇ ಅಬ್‌ಸ್ಟ್ರಾಕ್ಟ್

ಬ್ಯಾಂಕಾಕ್ ಸಮ್ಮೇಳನದವರು ಪೋಸ್ಟರ್‌ಗಳಿಗಾಗಿ, ಅಂದರೆ ಕೆಲಸವನ್ನು ಒಂದು ದೊಡ್ಡ ಹಾಳೆಯಲ್ಲಿ ಹಾಕಿ ಪಕ್ಕದಲ್ಲಿ ನಿಂತು ವಿವರಿಸುವುದಕ್ಕೆ, ಇನ್ನೊಮ್ಮೆ ಕರೆದರು. ಈ ಸಲ ಅವಳೇ ಬರೆದಳು, ನಾನು ಇಂಗ್ಲಿಷ್ ಮಾತ್ರ ತಿದ್ದಿದೆ. ತಲೆಬರಹವೇ ಪ್ರಶ್ನೆಯಾಗಿತ್ತು: ಶುದ್ಧ ನೀರು ಕುಡಿಯುವ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಯಾಕೆ ಇಳಿದಿಲ್ಲ? ಕೊನೆಯ ಸಾಲಿನಲ್ಲಿ, ಇದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ, ಇಂಥದ್ದನ್ನು ಕಂಡವರು ನಮ್ಮ ಜೊತೆ ಮಾತಾಡಿ ಅಂತ ಬರೆದಿದ್ದಳು. ಅಷ್ಟು ನೇರವಾಗಿ ಬರೆಯಬಹುದಾ ಅಂತ ನನಗೆ ಭಯ ಇತ್ತು. ಒಪ್ಪಿದರು.

ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇತ್ತು. ಪ್ರಯಾಣದ ಖರ್ಚಿಗೆ ಕಾಲೇಜು ಒಂದು ಪಾಲು ಕೊಟ್ಟಿತು, ಉಳಿದದ್ದು ಅವಳ ತಂದೆ ಮೆಕ್ಕೆಜೋಳ ಮಾರಿದ ದುಡ್ಡಿನಿಂದ. "ಎಲ್ಲಾ ಇಮೇಲ್‌ನಲ್ಲೇ ಆಗುವಾಗ ಅಷ್ಟು ದೂರ ಯಾಕೆ ಹೋಗಬೇಕು?" ಅಂತ ಕಾಲೇಜಿನಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಪತ್ರಿಕೆಗಳಲ್ಲಿ ಬರುವುದು ಮುಗಿದ ಕೆಲಸ. ಮುಗಿಯದ ಕೆಲಸವನ್ನು ನಾಲ್ಕು ಜನರ ಮುಂದೆ ಹರಡಿ ಕೂರುವುದು ಸಮ್ಮೇಳನದಲ್ಲಿ ಮಾತ್ರ ಆಗುತ್ತದೆ. ಕೆಲವು ಸಲ ಅಲ್ಲಿ ಕೇಳಿದ್ದನ್ನು ಕಟ್ಟಿಕೊಂಡು ವೈದ್ಯರು ಊರಿಗೆ ಬಂದು ಚಿಕಿತ್ಸೆಯನ್ನೇ ಬದಲಾಯಿಸಿದ್ದಾರೆ. 1996ರಲ್ಲಿ ವ್ಯಾಂಕೂವರ್‌ನ ಏಡ್ಸ್ ಸಮ್ಮೇಳನದಲ್ಲಿ ಮೂರು ಔಷಧಿ ಒಟ್ಟಿಗೆ ಕೊಟ್ಟ ಫಲಿತಾಂಶ ಹೊರಬಂದಾಗ ಆಗಿದ್ದು ಅದೇ.

ಒಂದು ಫೋಟೊ, ಒಂದು ಬಟ್ಟೆ

ಪೋಸ್ಟರ್‌ಗೆ ಹಲ್ಲಿನ ಫೋಟೊ ಬೇಕಿತ್ತು. ಒಬ್ಬಳು ಹತ್ತು ವರ್ಷದ ಹುಡುಗಿ. ಮುಂದಿನ ನಾಲ್ಕೂ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ. ನಗುವಾಗ ಅಂಗೈ ಬಾಯಿಗೆ ಬರುತ್ತಿತ್ತು. ಅವಳ ನಗುಮುಖದ ಫೋಟೊ ತುಂಬಾ ಚೆನ್ನಾಗಿತ್ತು, ಅದನ್ನೇ ಹಾಕೋಣ ಅಂತ ನನಗೂ ಆಸೆಯಾಯಿತು. ಅವಳ ತಾಯಿ ಕೇಳಿದರು, "ಈ ಫೋಟೊ ಎಲ್ಲಿಗೆ ಹೋಗುತ್ತೆ ಮೇಡಮ್ಮಾರೇ? ನಾಳೆ ಇವಳಿಗೆ ಗಂಡು ನೋಡಕ್ಕೆ ಬಂದೋರು ಇದನ್ನ ನೋಡಿದ್ರೆ?"

ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾವ ನೈತಿಕ ಸಮಿತಿಯೂ ಕೇಳಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ತಂದೆತಾಯಿಯ ಒಪ್ಪಿಗೆ ಬೇಕು, ಏಳು ವರ್ಷ ದಾಟಿದ ಮಗುವಿನ ಬಾಯಿಮಾತಿನ ಒಪ್ಪಿಗೆಯೂ ಬೇಕು. ಎರಡೂ ನಮ್ಮ ಹತ್ತಿರ ಇತ್ತು. ಆದರೆ ಅವರು ಒಪ್ಪಿದ್ದು ಥೀಸಿಸ್‌ಗೆ. ನೂರಾರು ಜನ ಮೊಬೈಲ್‌ನಲ್ಲಿ ತೆಗೆದುಕೊಂಡು ಹೋಗುವ ಪೋಸ್ಟರ್‌ಗಲ್ಲ. ಮತ್ತೆ ಕೂತು ಹೇಳಿದೆವು. ತುಟಿಯ ಮೇಲೆ, ಕೆಳಗೆ ಕತ್ತರಿಸಿ ಬರೀ ಹಲ್ಲು ಕಾಣುವ ಹಾಗೆ ಮಾಡಿ ತೋರಿಸಿದೆವು. ತಾಯಿ ನೋಡಿ, ಮಗಳಿಗೂ ತೋರಿಸಿ, ಆಮೇಲೆ ಹೂಂ ಅಂದರು.

ಪೋಸ್ಟರನ್ನು ಕಾಗದದಲ್ಲಿ ಮಾಡಿಸಿದರೆ ಕೊಳವೆಯಲ್ಲಿ ಸುತ್ತಿ ವಿಮಾನದಲ್ಲಿ ಹೊತ್ತು ತಿರುಗಬೇಕು. ಬಟ್ಟೆಯ ಮೇಲೆ ಮುದ್ರಿಸಿದರೆ ಸೀರೆಯ ಹಾಗೆ ಮಡಚಿ ಬ್ಯಾಗಿನಲ್ಲಿಡಬಹುದು. ದಾವಣಗೆರೆಯ ಒಂದು ಫ್ಲೆಕ್ಸ್ ಅಂಗಡಿಗೆ ಹೋದೆವು. ಹುಟ್ಟುಹಬ್ಬದ ಬ್ಯಾನರ್, ದುಗ್ಗಮ್ಮನ ಜಾತ್ರೆಯ ಬ್ಯಾನರ್ ಮಾಡುವ ಹುಡುಗ ಕಂಪ್ಯೂಟರ್‌ನಲ್ಲಿ ನಮ್ಮ ಫೈಲ್ ತೆರೆದು ಸುಮ್ಮನೆ ನೋಡಿದ. ಮೂರು ಕಾಲಂ, ಐದು ಟೇಬಲ್, ಇರುವೆ ಸಾಲಿನಂಥ ಅಕ್ಷರ.

"ಮೇಡಂ, ಇಷ್ಟೆಲ್ಲಾ ಯಾರು ಓದ್ತಾರ್ರೀ? ನಮ್ಮ ಬ್ಯಾನರ್ ಓಡೋ ಬಸ್ಸಿನಿಂದ ಓದಿಸ್ಕೊಬೇಕು. ಹೇಳೋದು ಒಂದು ಮಾತು ದೊಡ್ಡದಾಗಿ ಹಾಕ್ರಿ."

ಪೋಸ್ಟರ್ ಬಗ್ಗೆ ಇದೇ ಮಾತನ್ನು 2019ರಲ್ಲಿ ಮೈಕ್ ಮಾರಿಸನ್ ಎಂಬ ಅಮೆರಿಕದ ಸಂಶೋಧನಾ ವಿದ್ಯಾರ್ಥಿ ಹೇಳಿ ಸುದ್ದಿಯಾಗಿದ್ದರು. ಮಧ್ಯದಲ್ಲಿ ಒಂದೇ ವಾಕ್ಯ ದೊಡ್ಡಕ್ಷರದಲ್ಲಿ, ಉಳಿದದ್ದು ಪಕ್ಕದಲ್ಲಿ ಸಣ್ಣದಾಗಿ, ವಿವರ ಬೇಕಾದವರಿಗೆ ಕ್ಯೂಆರ್ ಕೋಡ್. ನಾವು ಅದನ್ನು ಓದಿದ್ದೆವು, ಮಾಡಿರಲಿಲ್ಲ. ಅಂಗಡಿಯಲ್ಲೇ ನಿಂತು ನಾಲ್ಕು ಟೇಬಲ್ ತೆಗೆದೆವು. ಆ ಪ್ರಶ್ನೆಯೊಂದನ್ನು ಮಧ್ಯದಲ್ಲಿ ಇಟ್ಟೆವು. ಅದರ ಕೆಳಗೆ ಆ ಹಲ್ಲು.

ಹುಡುಗಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್‌ನಲ್ಲಿ ಮೂರು ನಿಮಿಷ ಮಾತಾಡಬೇಕು ಅಂದರೆ ಕೈ ತಣ್ಣಗಾಗುತ್ತಿತ್ತು. ಮೊದಲು ಕನ್ನಡದಲ್ಲಿ ಹಾಸ್ಟೆಲ್ ಮೆಸ್ಸಿನ ಅಕ್ಕನಿಗೆ ಹೇಳು ಅಂದೆ. ಅಕ್ಕನಿಗೆ ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ತಿದ್ದಿದಳು. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿಕೊಂಡಳು.

ಹಾಲ್‌ನಲ್ಲಿ

ಪೋಸ್ಟರ್‌ಗಳ ಹಾಲ್ ದೊಡ್ಡ ಸಂತೆಯ ಹಾಗಿತ್ತು. ಮೊದಲ ಅರ್ಧ ಗಂಟೆ ಯಾರೂ ನಿಲ್ಲಲಿಲ್ಲ. ಅವಳು ಪೋಸ್ಟರ್ ಪಕ್ಕ ಶಾಲೆಯಲ್ಲಿ ಶಿಕ್ಷೆಗೆ ನಿಂತವಳ ಹಾಗೆ ನಿಂತಿದ್ದಳು. ಆಮೇಲೆ ಒಬ್ಬರು ಹಿರಿಯರು ಬಂದರು. ಹಲ್ಲಿನ ಚಿತ್ರ ನೋಡಿ, ಪ್ರಶ್ನೆ ಓದಿ, ಘಟಕ ಶುರುವಾಗಿ ಎಷ್ಟು ದಿನ ಆಯಿತು ಅಂತ ಕೇಳಿದರು. ಮೈಗೆ ಸೇರಿದ ಫ್ಲೋರೈಡ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ, ನೂರಕ್ಕೆ 99 ಪಾಲು, ಮೂಳೆ ಹಲ್ಲುಗಳಲ್ಲೇ ಇರುತ್ತದೆ. ನೀರು ಬದಲಾದ ಮೇಲೂ ಮೂಳೆಯಿಂದ ನಿಧಾನಕ್ಕೆ ಬಿಡುತ್ತಾ ಮೂತ್ರಕ್ಕೆ ಬರುತ್ತದೆ. ಹಳೇ ಸಾಲ ತೀರುತ್ತಿರಬಹುದು ಅನ್ನುವ ಅರ್ಥದಲ್ಲಿ ಅವರು ಹೇಳಿದರು. ಒಳ್ಳೆಯ ಮಾತು. ನಾವು ಇದನ್ನು ಯೋಚಿಸಿದ್ದೆವು, ಆದರೆ ಇಷ್ಟು ಚೊಕ್ಕವಾಗಿ ಅಲ್ಲ. ಬರೆದುಕೊಂಡೆವು.

ಮಧ್ಯಾಹ್ನ ಊಟದ ಹೊತ್ತಿಗೆ ಇಥಿಯೋಪಿಯಾದಿಂದ ಬಂದಿದ್ದ ಒಬ್ಬ ಹೆಂಗಸು ಬಂದು ನಿಂತರು. ಅವರ ರಿಫ್ಟ್ ಕಣಿವೆಯ ನೀರಿನಲ್ಲೂ ಫ್ಲೋರೈಡ್ ಬಹಳ. ಮೂಳೆಯ ಇದ್ದಿಲಿನಿಂದ ನೀರು ಸೋಸುವ ಪ್ರಯೋಗಗಳು ಅಲ್ಲಿ, ಕೀನ್ಯಾದಲ್ಲಿ ಬಹಳ ನಡೆದಿವೆ. ಅವರು ಪೋಸ್ಟರ್ ಪೂರ್ತಿ ಓದಲೇ ಇಲ್ಲ. ಮಧ್ಯದ ಪ್ರಶ್ನೆ ಓದಿ, ಹುಡುಗಿಯ ಕಡೆ ತಿರುಗಿ ಒಂದೇ ಮಾತು ಕೇಳಿದರು.

"ಅಡುಗೆ ಯಾವ ನೀರಿನಲ್ಲಿ ಮಾಡುತ್ತಾರೆ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ನಮ್ಮ ಫಾರಂನಲ್ಲಿ ಇದ್ದದ್ದು "ಕುಡಿಯುವ ನೀರಿನ ಮೂಲ ಯಾವುದು?" ಅನ್ನುವ ಒಂದೇ ಪ್ರಶ್ನೆ.

ಅವರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಅವರ ಕಡೆಯ ದೋಸೆಯಂಥ ರೊಟ್ಟಿ ಇಂಜೆರಾದ ಹಿಟ್ಟು ಕಲಸುವುದಕ್ಕೆ, ಸಾರು ಕುದಿಸುವುದಕ್ಕೆ ಜನ ಹತ್ತಿರದ ನೀರನ್ನೇ ಬಳಸುತ್ತಾರೆ. ಸೋಸಿದ ನೀರು ತರುವುದು ಕಷ್ಟದ ಕೆಲಸ, ಅದನ್ನು ಕುಡಿಯಲು ಮಾತ್ರ ಇಡುತ್ತಾರೆ. ಅವರ ಕಡೆ ತಟ್ಟೆಯ ಊಟವನ್ನೇ ಲ್ಯಾಬ್‌ಗೆ ತಂದು ಅಳೆದಿದ್ದಾರೆ. ಅಡುಗೆ ನೀರಿನ ಮೂಲಕ ಊಟಕ್ಕೆ ಹೋಗುವ ಫ್ಲೋರೈಡ್ ಕಡೆಗಣಿಸುವಷ್ಟು ಸಣ್ಣದಲ್ಲ ಅಂತ ಗೊತ್ತಾಗಿದೆ. ಕುದಿಸಿದರೆ ಹೋಗುವುದಿಲ್ಲ ಅಂತ ನಿಮಗೂ ಗೊತ್ತಲ್ಲ ಅಂದರು.

ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಗೊತ್ತಿತ್ತು.

ಆವತ್ತು ರಾತ್ರಿ ಹುಡುಗಿಗೆ ನಿದ್ದೆ ಇಲ್ಲ. ಹನ್ನೊಂದು ಗಂಟೆಗೆ ನನ್ನ ರೂಮಿನ ಬಾಗಿಲು ಬಡಿದಳು. "ಮೇಡಂ, ಒಬ್ಬರು ಅಜ್ಜಿ ಏನೋ ಹೇಳಿದ್ರು. ಬೇಳೆ ಬಗ್ಗೆ. ನಾನು ಫಾರಂ ಪಕ್ಕ ಬರ್ಕೊಂಡಿದೀನಿ."

ಅಂಚಿನಲ್ಲಿ ಬರೆದದ್ದು

ದಾವಣಗೆರೆಗೆ ಬಂದ ಮರುದಿನವೇ ಬೀರು ತೆಗೆದು ಫಾರಂಗಳನ್ನೆಲ್ಲ ಟೇಬಲ್ ಮೇಲೆ ಹರಡಿದೆವು. ಕಂಪ್ಯೂಟರ್‌ಗೆ ಹೋಗಿದ್ದು ಬರೀ ಕಾಲಂನಲ್ಲಿದ್ದ ಉತ್ತರಗಳು. ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದದ್ದು ಕಾಗದದಲ್ಲೇ ಉಳಿದಿತ್ತು.

ಹುಡುಕಿದ್ದು ಸಿಕ್ಕಿತು. ಅಜ್ಜಿಯ ಮಾತನ್ನು ಅವಳು ಹಾಗೇ ಬರೆದುಕೊಂಡಿದ್ದಳು: "ಬೋರ್ ನೀರಾಗೆ ಬ್ಯಾಳೆ ಬೇಯಲ್ಲ ಕಣವ್ವ. ಬ್ಯಾಳೆಗೆ ಫಿಲ್ಟರ್ ನೀರು. ಅನ್ನ ಮುದ್ದೆಗೆ ಬೋರಿಂದೇ ಸಾಕು."

ಇನ್ನೊಂದು ಫಾರಂನಲ್ಲಿ "ಟೀಗೆ ನಲ್ಲಿ ನೀರು". ಮತ್ತೊಂದರಲ್ಲಿ "ಕ್ಯಾನ್ ಮೂರು ದಿನ ಬರ್ಬೇಕು". ಇಂಥ ಪೆನ್ಸಿಲ್ ಗುರುತುಗಳು ಅಲ್ಲೊಂದು ಇಲ್ಲೊಂದು ಸಿಗುತ್ತಾ ಹೋದವು.

ಆ ಅಜ್ಜಿಯ ಲೆಕ್ಕವನ್ನು ಎಷ್ಟು ಸಲ ನೆನೆದರೂ ನನಗೆ ಬೆರಗು. ಗಡುಸು ನೀರಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಸೌದೆ ಅಥವಾ ಗ್ಯಾಸ್ ದಂಡ. ಅದಕ್ಕೆ ಒಳ್ಳೆ ನೀರನ್ನು ಬೇಳೆಗೆ ಮಾತ್ರ ಅಳೆದು ಹಾಕುತ್ತಾರೆ. ಅಕ್ಕಿ, ರಾಗಿಹಿಟ್ಟು ಯಾವ ನೀರಲ್ಲಾದರೂ ಬೇಯುತ್ತವೆ. ಅವರ ನಾಲಿಗೆಗೆ, ಅವರ ಪಾತ್ರೆಗೆ ಗೊತ್ತಾಗುವ ದೋಷವನ್ನು ಅವರು ಸರಿಯಾಗಿಯೇ ನಿಭಾಯಿಸಿದ್ದರು. ಫ್ಲೋರೈಡ್ ಮಾತ್ರ ನಾಲಿಗೆಗೂ ಗೊತ್ತಾಗಲ್ಲ, ಪಾತ್ರೆಗೂ ಗೊತ್ತಾಗಲ್ಲ. ಅದನ್ನು ಹೇಳಬೇಕಾದವರು ನಾವು. ಮುದ್ದೆಗೆ ಎಸರು ಕುದಿಯುವಾಗ ಪಾತ್ರೆಯಿಂದ ಆವಿ ಏಳುವುದನ್ನು ನೋಡಿದ್ದೀರಲ್ಲ? ನೀರು ಹೋಗುತ್ತದೆ, ಫ್ಲೋರೈಡ್ ಮುದ್ದೆಯಲ್ಲಿ ಉಳಿಯುತ್ತದೆ. ಮಗು ಅದನ್ನು ಹೊಟ್ಟೆ ತುಂಬ ಉಂಡು, ಮೇಲೆ ಒಂದು ಲೋಟ ಫಿಲ್ಟರ್ ನೀರು ಕುಡಿಯುತ್ತದೆ. ನಾವು ಆ ಲೋಟವನ್ನು ಮಾತ್ರ ಕೇಳಿದ್ದೆವು.

ಮೂತ್ರದ ಅಂಕಿಗೆ ಅಡುಗೆ ನೀರೊಂದೇ ಕಾರಣ ಅಂತ ಹೇಳಲು ಇಷ್ಟೇ ಸಾಲದು. ಮೂಳೆಯಿಂದ ಬರುವ ಹಳೇ ಫ್ಲೋರೈಡ್ ಕೂಡ ಸೇರಿರಬಹುದು. ಎರಡನ್ನೂ ಬೇರೆ ಮಾಡಿ ನೋಡುವುದಕ್ಕೆ ಒಂದು ದಾರಿ ಇದೆ. ಫಿಲ್ಟರ್ ನೀರಲ್ಲೇ ಅಡುಗೆಯನ್ನೂ ಮಾಡುವ ಮನೆಗಳ ಮಕ್ಕಳನ್ನು, ಕುಡಿಯಲು ಮಾತ್ರ ಬಳಸುವ ಮನೆಗಳ ಮಕ್ಕಳ ಜೊತೆ ಹೋಲಿಸಬೇಕು. ಮೂಳೆಯ ಹಳೇ ಸಾಲ ಎರಡೂ ಕಡೆ ಇರುತ್ತದೆ, ಅಡುಗೆಯ ಬೋರ್ ನೀರು ಒಂದು ಕಡೆ ಮಾತ್ರ. ಥೀಸಿಸ್‌ಗೆ ಸಮಯ ಮುಗಿದಿತ್ತು. ಅದನ್ನು ಹಾಗೇ ಸಲ್ಲಿಸಿದೆವು. ಆದರೆ ಚರ್ಚೆಯ ಅಧ್ಯಾಯ ಪೂರ್ತಿ ಹೊಸದಾಗಿ ಬರೆದಳು, ಪೆನ್ಸಿಲ್ ಗುರುತುಗಳನ್ನು ಎತ್ತಿ ಹಾಕಿದಳು. ನನ್ನ ಹೆಸರಿನ ಕೆಳಗೆ ಬಂದ ಥೀಸಿಸ್‌ಗಳಲ್ಲಿ ಆ ಅಧ್ಯಾಯದ ಮೇಲೆ ನನಗೆ ತುಂಬಾ ಪ್ರೀತಿ.

ಸಮ್ಮೇಳನದಿಂದ ಬಂದವರಲ್ಲಿ ಬಹಳ ಮಂದಿ ಪೋಸ್ಟರ್ ಸುತ್ತಿಟ್ಟು ಮರೆತುಬಿಡುತ್ತಾರೆ. ಸಮ್ಮೇಳನಗಳ ಅಬ್‌ಸ್ಟ್ರಾಕ್ಟ್‌ಗಳಲ್ಲಿ ಆಮೇಲೆ ಪೂರ್ತಿ ಪ್ರಬಂಧವಾಗಿ ಪ್ರಕಟವಾಗುವುದು ನೂರಕ್ಕೆ ಸುಮಾರು 37 ಮಾತ್ರ ಅಂತ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆ ಹೇಳುತ್ತದೆ. ಮೂರು ಲಕ್ಷಕ್ಕೂ ಹೆಚ್ಚು ಅಬ್‌ಸ್ಟ್ರಾಕ್ಟ್‌ಗಳ ಲೆಕ್ಕ ಅದು. ಉಳಿದವೆಲ್ಲ ಎಲ್ಲಿ ಹೋದವು? ಯಾರೋ ಮಕ್ಕಳ ರಕ್ತ, ಮೂತ್ರ, ಯಾರೋ ಅಜ್ಜಿಯ ಅರ್ಧ ದಿನದ ಕೂಲಿ ಅವುಗಳೊಳಗೆ ಇರುತ್ತದೆ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ನಮ್ಮದು ಆ ಗುಂಪಿಗೆ ಸೇರಬಾರದು ಅಂತ ಹೊಸ ಫಾರಂ ಮಾಡಲು ಕೂತೆವು. ಈಗ ಅದರಲ್ಲಿ ನೀರಿಗೆ ಒಂದು ಪ್ರಶ್ನೆ ಇಲ್ಲ, ಆರು ಇವೆ. ಕುಡಿಯಲು, ಅನ್ನಕ್ಕೆ, ಮುದ್ದೆಗೆ, ಬೇಳೆಗೆ, ಟೀಗೆ, ಶಾಲೆಯ ಬಿಸಿಯೂಟಕ್ಕೆ. ಕೊನೆಯಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದೇವೆ, ಜನ ಹೇಳಿದ್ದನ್ನು ಅವರ ಮಾತಲ್ಲೇ ಬರೆಯುವುದಕ್ಕೆ.

ಆ ಫಾರಂ ಇಥಿಯೋಪಿಯಾಕ್ಕೂ ಹೋಯಿತು. ಮುದ್ದೆ ಇದ್ದ ಕಡೆ ಅವರು ಇಂಜೆರಾ ಹಾಕಿಕೊಂಡಿದ್ದಾರೆ. ಬೇಳೆಯ ಪ್ರಶ್ನೆ ಹಾಗೇ ಇಟ್ಟುಕೊಂಡಿದ್ದಾರೆ. ಅಲ್ಲಿಯ ಹೆಂಗಸರೂ ಬೇಳೆ ಬೇಯುವುದನ್ನು ನೋಡಿ ನೀರು ಆರಿಸುತ್ತಾರಾ ಅಂತ ಅವರಿಗೂ ಕುತೂಹಲ.

ಹಳ್ಳಿಗೆ ಮತ್ತೆ ಹೋದಾಗ ಪೋಸ್ಟರನ್ನು ಕನ್ನಡದಲ್ಲಿ ಮಾಡಿಸಿಕೊಂಡು ಹೋಗಿದ್ದೆವು. ಅದೇ ಫ್ಲೆಕ್ಸ್ ಅಂಗಡಿ, ಅದೇ ಹುಡುಗ. ಈ ಸಲ ಮಧ್ಯದಲ್ಲಿದ್ದ ಮಾತು: "ಕುಡಿಯೋ ನೀರಲ್ಲೇ ಅಡುಗೆನೂ ಮಾಡಿ. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ." ಘಟಕದ ಗೋಡೆಗೆ ಕಟ್ಟಿದೆವು. ಹೆಂಗಸರು ಓದಿ ಸುಮ್ಮನಿರಲಿಲ್ಲ. ಅಡುಗೆಗೂ ಅಂದರೆ ದಿನಕ್ಕೆ ಇನ್ನೊಂದು ಕ್ಯಾನ್, ಹೊರುವವರು ಯಾರು, ಎರಡು ದಿನಕ್ಕೊಮ್ಮೆ ಕರೆಂಟ್ ಹೋದರೆ ಏನು ಮಾಡೋದು ಅಂತ ಕೇಳಿದರು. ಅದಕ್ಕೆಲ್ಲ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹುಡುಗಿ ಪೆನ್ಸಿಲ್ ತೆಗೆದು ಖಾಲಿ ಅರ್ಧ ಪುಟದಲ್ಲಿ ಬರೆದುಕೊಳ್ಳತೊಡಗಿದಳು.

ಹಲ್ಲಿನ ಫೋಟೊ ಕೊಟ್ಟ ಆ ಮಗು ಬಂದಿತ್ತು. ಬ್ಯಾಂಕಾಕ್ ಹಾಲ್‌ನಲ್ಲಿ ಪೋಸ್ಟರ್ ನೇತಾಡುತ್ತಿದ್ದ ಚಿತ್ರವನ್ನು ಮೊಬೈಲ್‌ನಲ್ಲಿ ತೋರಿಸಿದೆವು. ಬೆರಳಿಂದ ದೊಡ್ಡದು ಮಾಡಿ ತನ್ನ ಹಲ್ಲನ್ನು ಹುಡುಕಿದಳು.

"ಅಲ್ಲಿ ಯಾರಾದ್ರೂ ನಿಂತು ನೋಡಿದ್ರಾ ಮಿಸ್?"

"ಒಬ್ಬರು ಕೂತ್ಕೊಂಡೇ ನೋಡಿದ್ರು," ಅಂದಳು ನನ್ನ ವಿದ್ಯಾರ್ಥಿನಿ. "ಆಮೇಲೆ ನಿಮ್ಮಜ್ಜಿ ಹೇಳಿದ್ದನ್ನೇ ನಮಗೆ ಕೇಳಿದ್ರು."